ಕೆಂಪು ವೈರಾ, ನೀಲಿ ವೈರಾ? (ಭಾಗ 3)

ಸಿನಿಮಾದಲ್ಲಿ ನೋಡಿರ್ತೀರಾ. ಟೈಮರ್ ಓಡ್ತಿರುತ್ತೆ, ಹೀರೋ ಬೆವರು ಒರೆಸ್ಕೊಂಡು ಕೆಂಪು ವೈರ್ ಕಟ್ ಮಾಡ್ತಾನೆ, ಕೊನೇ ಸೆಕೆಂಡಲ್ಲಿ ನಿಲ್ಲುತ್ತೆ. ಚಪ್ಪಾಳೆ! ಈ ಒಂದು ಸೀನ್ ನಮ್ಮ ತಲೆ ಕೆಡಿಸಿಟ್ಟಿದೆ. ಅದಕ್ಕೇ ನಿಜವಾದ ಬಾಂಬ್ ಸ್ಕ್ವಾಡ್ ವಿಡಿಯೋ ಕೆಳಗೆ "ಇಷ್ಟೊತ್ತು ಏನ್ ಮಾಡ್ತಿದ್ದಾರೆ ಗುರು?" ಅಂತ ಕಾಮೆಂಟ್ ಬೀಳೋದು.

ಏನ್ ಮಾಡ್ತಿದ್ದಾರೆ ಗೊತ್ತಾ? ಯೋಚನೆ ಮಾಡ್ತಿದ್ದಾರೆ. ಬಾಂಬ್ ಕಟ್ಟಿದವನು ಯಾವ ಬಣ್ಣದ ನಿಯಮಾನೂ ಪಾಲಿಸಿರಲ್ಲ. ಎತ್ತಿದರೆ ಸಿಡಿಯಬಹುದು, ಓರೆಯಾದರೆ ಸಿಡಿಯಬಹುದು, ಬಿಚ್ಚೋಕೆ ಹೋದರೇ ಸಿಡಿಯಬಹುದು. ಎರಡನೇ ಮಹಾಯುದ್ಧದಲ್ಲೇ ಜರ್ಮನ್ನರು ಕೆಲವು ಬಾಂಬ್‌ಗಳಲ್ಲಿ ಫ್ಯೂಸ್ ಕೆಳಗೆ ಇನ್ನೊಂದು ಸಾಧನ ಅಡಗಿಸಿಡ್ತಿದ್ದರು. ಫ್ಯೂಸ್ ಹೊರಗೆಳೆದರೆ ಸಿಡಿಯಲಿ ಅಂತ. ಅಂದ್ರೆ ಗುರಿ ಊರಷ್ಟೇ ಅಲ್ಲ, ಊರು ಉಳಿಸೋಕೆ ಬರುವ ಮನುಷ್ಯನೂ ಹೌದು.

"ಹಳೇ ಬಾಂಬ್ ಆದ್ರೆ ಸತ್ತೋಗಿರುತ್ತೆ ಬಿಡಿ" ಅಂತೀರಾ? 2010ರ ಜೂನ್ 1, ಜರ್ಮನಿಯ ಗಾಟಿಂಗೆನ್. ಯುದ್ಧ ಮುಗಿದು 65 ವರ್ಷ ಆಗಿತ್ತು. ನೆಲದಲ್ಲಿ ಸಿಕ್ಕ ಆ ಯುದ್ಧದ ಬಾಂಬ್, ಇವರು ಇನ್ನೂ ತಯಾರಿ ಮಾಡ್ತಿರುವಾಗಲೇ ಸಿಡೀತು. ಮೂವರು ತಜ್ಞರು ಸತ್ತರು.

"ದೂರದಲ್ಲಿಟ್ಟು ಉಡಾಯಿಸಿ" ಅಂತೀರಾ? ಆಗುವಾಗ ಮಾಡ್ತಾರೆ. 2020ರ ಜನವರಿಯಲ್ಲಿ ಮಂಗಳೂರು ಏರ್‌ಪೋರ್ಟಲ್ಲಿ ಸಿಕ್ಕ ಬಾಂಬನ್ನು ಕೆಂಜಾರು ಮೈದಾನಕ್ಕೆ ಒಯ್ದು ಸಿಡಿಸಿದರು. ಆದರೆ ಅಲ್ಲೀವರೆಗೆ ಒಯ್ಯೋಕೆ ಯಾರಾದ್ರೂ ಹತ್ತಿರ ಹೋಗಲೇಬೇಕು. ಆಸ್ಪತ್ರೆ ಬಾಗಿಲಲ್ಲೋ ಗ್ಯಾಸ್ ಲೈನ್ ಪಕ್ಕದಲ್ಲೋ ಇದ್ದರೆ ಇದ್ದಲ್ಲೇ ಸಿಡಿಸೋಕಾಗುತ್ತಾ? ಸಿಡಿಸಿದರೆ ಕಟ್ಟಿದವನನ್ನು ಹಿಡಿಯುವ ಸಾಕ್ಷಿಯೂ ಚೂರುಚೂರು. ಇನ್ನು ಆ ಸೂಟ್? 30 ಕೆಜಿಗೂ ಹೆಚ್ಚು ಭಾರ. ದೊಡ್ಡ ಬಾಂಬ್ ಮುಂದೆ ಅದೂ ಕಾಪಾಡಲ್ಲ.

ನಮ್ಮ ಬೆಂಗಳೂರಲ್ಲೇ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ದಳದವರು. 2016ರ ಜನವರಿ 3ರಂದು ಪಠಾಣ್‌ಕೋಟ್‌ನಲ್ಲಿ ತೀರಿಕೊಂಡರು. ಗುಂಡಿನ ಚಕಮಕಿಯಲ್ಲಲ್ಲ, ಸತ್ತ ಉಗ್ರನ ಶವ ಪರಿಶೀಲಿಸುವಾಗ ಗ್ರೆನೇಡ್ ಸಿಡಿದು. ಶವವೂ ಬಾಂಬ್ ಆಗಬಹುದಾದ ಕೆಲಸ ಇದು.

ಈಗ ನಮ್ಮ ವಿಷಯಕ್ಕೆ ಬರೋಣ. ಕ್ಲಾಸ್ ಗ್ರೂಪಲ್ಲಿ ಒಬ್ಬ ಬರೆದ: "ಎಕ್ಸಾಮ್ ಮುಂದಕ್ಕೆ ಹೋಗ್ಲಿ, ಒಂದು ಬಾಂಬ್ ಮೇಲ್ ಹಾಕ್ಬಿಡೋಣ್ವಾ?" ಮೂವತ್ತು ಜನ ನಕ್ಕರು. ನಿಜ ಹೇಳ್ತೀನಿ, ನಾನೂ ನಗುವ ಎಮೋಜಿ ಹಾಕಿದ್ದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಇಂಥದ್ದೇ ಮೇಲ್ ಬಂತು. ಎಲ್ಲಾ ಹುಸಿ. ಆದರೆ ಬ್ಯಾಗ್ ತೆರೆಯುವ ಕೈಗೆ ಅದು ಹುಸಿ ಅಂತ ತೆರೆದ ಮೇಲಷ್ಟೇ ಗೊತ್ತಾಗೋದು. ಆ ಹೊತ್ತಲ್ಲಿ ಇನ್ನೆಲ್ಲೋ ನಿಜವಾದದ್ದು ಇದ್ದಿದ್ದರೆ?

ಹಗ್ಗ ಕಟ್ಟಿ "ಹಿಂದೆ ಹೋಗಿ" ಅಂದ್ರೆ ಹೋಗಿ. ರೀಲ್ಸ್ ನಾಳೆ ಮಾಡ್ಕೊಳ್ಳಿ. ನೀವು ಹತ್ತಿರ ನಿಂತಷ್ಟೂ ಆ ಮನುಷ್ಯನಿಗಿರುವ ದಾರಿಗಳು ಕಮ್ಮಿ ಆಗ್ತವೆ. ಆ ಗ್ರೂಪ್ ಜೋಕ್ ಬರೆದವನು ಇದನ್ನು ಓದ್ತಿದ್ದರೆ, ಡಿಲೀಟ್ ಮಾಡೋ ಮಾರಾಯ. ನನ್ನ ಎಮೋಜಿ ನಾನಾಗಲೇ ತೆಗೆದಿದ್ದೀನಿ.

#ಬಾಂಬ್‌ಸ್ಕ್ವಾಡ್ #ಸಿನಿಮಾಅಲ್ಲ #ಕನ್ನಡದಲ್ಲಿಓದಿ