ಒಂದೂವರೆ ಮೀಟರ್ ಜಾಗ

"ನಮ್ಮಲ್ಲಿ ಸೈಕ್ಲಿಂಗ್ ಕಲ್ಚರ್ರೇ ಇಲ್ಲ ಮಗಾ."

ಫ್ರಾನ್ಸಿಗೆ ಹೋಗಿ ಸೈಕಲ್ ತುಳಿದು ಬಂದ ಪ್ರತಿಯೊಬ್ಬರ ಬಾಯಲ್ಲೂ ಈ ಮಾತು ಬಂದೇ ಬರುತ್ತೆ. ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಮಷಿನ್ ಮುಂದೆ ನಿಂತು ಫೋನಲ್ಲಿ ಫೋಟೋ ತೋರಿಸ್ತಾರೆ. ಗೋಧಿ ಹೊಲ, ಕಲ್ಲಿನ ಚರ್ಚು, ಹಳ್ಳಿಯ ಬೇಕರಿ, ಬೇಕರಿ ಗೋಡೆಗೆ ಒರಗಿಸಿದ ಕಾರ್ಬನ್ ಫ್ರೇಮಿನ ಸೈಕಲ್ಲು. ಆಮೇಲೆ ಒಂದು ನಿಟ್ಟುಸಿರು, ಅದರ ಹಿಂದೆಯೇ ಈ ಡೈಲಾಗು.

ಫೋಟೋ ಬಗ್ಗೆ ನನ್ನದೇನೂ ತಕರಾರಿಲ್ಲ, ಚೆನ್ನಾಗೇ ಇರ್ತವೆ. ತಕರಾರಿರೋದು ಆ ಮಾತಿನ ಬಗ್ಗೆ.

ನಾನು ಸವಳಂಗದ ಕಡೆಯವನು. ಶಿವಮೊಗ್ಗದವರಿಗೆ ಸವಳಂಗ ಅಂದ್ರೆ ಒಂದು ರಸ್ತೆಯ ಹೆಸರು. ನವುಲೆ ದಾಟಿ, ಇಂಜಿನಿಯರಿಂಗ್ ಕಾಲೇಜು ದಾಟಿ, ಅಬ್ಬಲಗೆರೆ ದಾಟಿ ಆ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ ತುಂಬಾ ಜನ ತಲೆ ಕೆರ್ಕೋತಾರೆ. ಸುಮಾರು 25 ಕಿ.ಮೀ. ಮುಂದೆ ನಿಜವಾಗ್ಲೂ ಸವಳಂಗ ಅನ್ನೋ ಊರಿದೆ. ಈಗ ನ್ಯಾಮತಿ ತಾಲ್ಲೂಕು, ಮೊದಲು ಹೊನ್ನಾಳಿ. ಶಿವಮೊಗ್ಗ, ಶಿಕಾರಿಪುರ, ನ್ಯಾಮತಿ ಕಡೆಯ ರಸ್ತೆಗಳು ಕೂಡೋ ಜಾಗ. ಅಡಿಕೆ, ಮೆಕ್ಕೆಜೋಳ, ಒಂದು ಕೆರೆ.

ಅಲ್ಲಿ ನಾನು ಬೆಳೆಯುವಾಗ ಸೈಕಲ್ಲಿಗೆ ಯಾರೂ ಕಲ್ಚರ್ ಅಂತ ಹೆಸರಿಟ್ಟಿರಲಿಲ್ಲ. ಡೈರಿಗೆ ಹಾಲು ಹೋಗ್ತಿದ್ದದ್ದು ಸೈಕಲ್ಲಲ್ಲಿ, ಹಿಂಡಿ ಮೂಟೆ ಬರ್ತಿದ್ದದ್ದು ಸೈಕಲ್ಲಲ್ಲಿ. ಐಸ್‌ಕ್ಯಾಂಡಿಯವನು, ಪೋಸ್ಟ್‌ಮ್ಯಾನು, ತಲೆ ಮೇಲೆ ಟವೆಲ್ ಸುತ್ತಿಕೊಂಡು ಸಂತೆಗೆ ಹೋಗೋ ಮುದುಕರು, ಎಲ್ಲರೂ ಸೈಕಲ್ಲೇ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಅಂಗಡಿಯಲ್ಲಿ ದೊಡ್ಡ ಸೈಕಲ್ ತಗೊಂಡು, ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯೋದು ಕಲಿತವರು ನಾವು. ನನ್ನ ತಂಗಿಗೆ ಸರ್ಕಾರದ ಸೈಕಲ್ ಸಿಕ್ಕಾಗ ಮನೆಯಲ್ಲಿ ಅದಕ್ಕೆ ಪೂಜೆ ಆಗಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಸಮೇತ. ಇದು ಕಲ್ಚರ್ ಅಲ್ಲದೆ ಇನ್ನೇನು ಸ್ವಾಮಿ?

ಕಳೆದ ನವೆಂಬರಲ್ಲಿ ಒಂದು ದಿನ ಶಿವಮೊಗ್ಗದಿಂದ ಸವಳಂಗ, ನ್ಯಾಮತಿ, ಹೊನ್ನಾಳಿ ಸುತ್ತಿ ವಾಪಸ್ ಬಂದೆ. ಬೆಳಿಗ್ಗೆ ಬಿಟ್ಟು ಸಂಜೆಗೆ ಮನೆ. ದಾರಿಯುದ್ದಕ್ಕೂ ಅಡಿಕೆ ತೋಟ, ಗದ್ದೆ, ಕೆರೆಯಲ್ಲಿ ಬೆಳ್ಳಕ್ಕಿ, ಹೊನ್ನಾಳಿಯಲ್ಲಿ ತುಂಗಭದ್ರೆ. ಫೋಟೋ ವಿಷಯಕ್ಕೆ ಬಂದ್ರೆ ನಿಮ್ಮ ಫ್ರಾನ್ಸಿಗಿಂತ ಒಂದು ತೂಕ ಕಮ್ಮಿ ಇಲ್ಲ. ಡಾಂಬರೂ ಚೆನ್ನಾಗಿದೆ. ಕಷ್ಟ ಶುರುವಾಗೋದೇ ಅಲ್ಲಿ.

ರಸ್ತೆ ಮೇಲೆ ರಸ್ತೆ ಹಾಕ್ತಾ ಹೋದ್ರೆ ಡಾಂಬರು ಏರುತ್ತೆ, ಪಕ್ಕದ ಮಣ್ಣು ಏರಲ್ಲ. ಎರಡು ಮಳೆಗಾಲದಲ್ಲಿ ಇದ್ದ ಮಣ್ಣೂ ಕೊಚ್ಚಿಕೊಂಡು ಹೋಗುತ್ತೆ. ಡಾಂಬರಿನ ಅಂಚಿಗೂ ನೆಲಕ್ಕೂ ನಡುವೆ ಕೆಲವು ಕಡೆ ಅರ್ಧ ಗೇಣು, ಕೆಲವು ಕಡೆ ಪೂರ್ತಿ ಗೇಣು ವ್ಯತ್ಯಾಸ. ಕಾರಿನವನಿಗೆ ಇದು ಕಾಣೋದೇ ಇಲ್ಲ, ಅವನು ಅಂಚಿಗೆ ಬರಲ್ಲವಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಕೆಳಗೆ ಇಳಿಯಬೇಕಾದವನು ಸೈಕಲ್ಲಿನವನು. ಅವನು ಆ ಮೆಟ್ಟಿಲಿಂದ ಇಳಿಯಲ್ಲ, ಬೀಳ್ತಾನೆ. ನವೆಂಬರಲ್ಲಿ ಇನ್ನೊಂದು ಸೇರ್ಕೊಳ್ಳುತ್ತೆ: ಕಣ ಇಲ್ಲದ ರೈತ ಮೆಕ್ಕೆಜೋಳವನ್ನು ರಸ್ತೆ ಮೇಲೇ ಒಣಗಿಸ್ತಾನೆ, ಕಾಳು ಹಾರದ ಹಾಗೆ ಸುತ್ತ ಕಲ್ಲಿಡ್ತಾನೆ. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದ್ರೆ ಅವನ ಜೋಳ ಬೀಳೋದೂ ಅಂಚಿನ ಮೇಲೆ, ನನ್ನ ಸೈಕಲ್ ಇರಬೇಕಾದದ್ದೂ ಅಂಚಿನ ಮೇಲೆ. ರಸ್ತೆಯ ನಡುಭಾಗ ಮಾತ್ರ ಯಾವತ್ತೂ ಖಾಲಿ ಮಾಡಿಸಿಟ್ಟ ಮದುವೆ ಹಾಲ್ ಥರ, ಕಾರಿಗೆ ಮೀಸಲು.

ಸವಳಂಗದ ಸರ್ಕಲ್ಲಲ್ಲಿ ಟೀ ಕುಡಿಯುವಾಗ ಪಕ್ಕದ ಬೆಂಚಿನ ಹಿರಿಯರೊಬ್ಬರು ಸೈಕಲ್ಲನ್ನೇ ನೋಡ್ತಿದ್ರು.

"ಎಷ್ಟಾತು ತಮ್ಮಾ ಇದು?"

ಸ್ವಲ್ಪ ಕಮ್ಮಿ ಮಾಡೇ ಹೇಳಿದೆ.

"ಅಷ್ಟ್ ಕೊಟ್ಟೂ ಕ್ಯಾರಿಯರ್ ಇಲ್ಲೇನು!" ಅಂದು ನಕ್ಕರು. ಆಮೇಲೆ ಲೋಟ ಕೆಳಗಿಟ್ಟು, "ನಮ್ಮ ಮೊಮ್ಮಗಂಗೂ ಸೈಕಲ್ ಬೇಕಂತೆ. ಕೊಡಿಸಾಕೆ ರೊಕ್ಕ ಐತಿ. ಈ ರೋಡ್ ಮ್ಯಾಲೆ ಬಿಡಾಕೆ ಧೈರ್ಯ ಇಲ್ಲ ನೋಡು" ಅಂದ್ರು.

ನಮ್ಮಲ್ಲಿ ಕಲ್ಚರ್ ಇಲ್ಲ ಅನ್ನೋ ಗೆಳೆಯರೆಲ್ಲ ಆ ಬೆಂಚಿನ ಮೇಲೆ ಹತ್ತು ನಿಮಿಷ ಕೂತಿದ್ರೆ ಸಾಕಿತ್ತು. ಹಳ್ಳಿಯವರು ದುಡ್ಡು ಬಂದ ತಕ್ಷಣ ಸೈಕಲ್ ಎಸೆದು ಬೈಕ್ ತಗೊಂಡ್ರು ಅಂತ ವಾದ ಮಾಡೋರಿದ್ದಾರೆ. ತಗೊಂಡ್ರು, ನಿಜ. ಇಪ್ಪತ್ತು ಕಿ.ಮೀ. ದೂರದ ಕೆಲಸಕ್ಕೆ ಬೈಕ್ ಬೇಕೇ ಬೇಕು, ಅದನ್ನ ತಪ್ಪು ಅನ್ನೋಕೆ ಬೆಂಗಳೂರಲ್ಲಿ ಕ್ಯಾಬ್ ಬುಕ್ ಮಾಡೋ ನಮಗೆ ಯಾವ ಹಕ್ಕಿದೆ? ಆದ್ರೆ ಬೈಕ್ ಓಡಿಸೋಕೆ ಆಗದೇ ಇರೋರು, ಅಂದ್ರೆ ಮಕ್ಕಳು, ವಯಸ್ಸಾದವರು, ಕೂಲಿಗೆ ಹೋಗೋ ಹೆಂಗಸರು, ಅವರಿಗೆ ಉಳಿದಿರೋದು ಬಸ್ಸು ಕಾಯೋದು, ಇಲ್ಲಾ ನಡೆಯೋದು. ನಡೆಯೋಕೂ ಅದೇ ಅಂಚು. ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಪಾದಯಾತ್ರೆ ಹೋಗೋ ಮಾಲಾಧಾರಿಗಳೂ ಇಂಥದೇ ಅಂಚಲ್ಲಿ ನಡೀತಾರೆ.

ಈಗ ಫ್ರಾನ್ಸಿನ ವಿಷಯ. ನಮ್ಮ ಐಟಿ ಮಂದಿಯಲ್ಲಿ ಬ್ರೆವೆ ಓಡಿಸೋ ಹುಚ್ಚು ಇರೋರಿಗೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅಂದ್ರೆ ಕಾಶಿಯಾತ್ರೆ. ನಾಲ್ಕು ವರ್ಷಕ್ಕೊಮ್ಮೆ, 1200 ಕಿ.ಮೀ., ಹೆಚ್ಚಂದ್ರೆ 90 ಗಂಟೆ. 2019ರಲ್ಲೂ 2023ರಲ್ಲೂ ನೂರಾರು ಭಾರತೀಯರು ಹೋಗಿದ್ರು. ಬಂದವರು ಹೇಳೋ ಕಥೆ ಒಂದೇ: ಹಳ್ಳಿಯವರು ಮನೆ ಮುಂದೆ ಟೇಬಲ್ ಹಾಕಿ ನೀರು, ಕಾಫಿ, ತಿಂಡಿ ಕೊಡ್ತಾರೆ. ವಿಲೇನ್-ಲಾ-ಜುಯೆಲ್ ಅನ್ನೋ ಪುಟ್ಟ ಊರಲ್ಲಂತೂ ಜಾತ್ರೆಯ ಹಾಗೆ ಊರಿಗೆ ಊರೇ ಬೀದಿಗೆ ಬರುತ್ತೆ. ಇನ್ನೊಂದು ಕಡೆ ತಿಂಡಿಗೆ ದುಡ್ಡು ತಗೊಳ್ಳಲ್ಲ, ನಿಮ್ಮೂರಿಗೆ ಹೋದ ಮೇಲೆ ಒಂದು ಪೋಸ್ಟ್‌ಕಾರ್ಡ್ ಬರೀರಿ ಅಂತಾರೆ.

ಕೇಳೋಕೆ ಚೆನ್ನಾಗಿದೆ. ಆದ್ರೆ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡೋದನ್ನ ನಾವು ಫ್ರೆಂಚರಿಂದ ಕಲೀಬೇಕಾ? ಅದು ನಮ್ಮಲ್ಲಿ ಧಾರಾಳ ಇದೆ. ನಾವು ನೋಡಿ ಬರಬೇಕಾಗಿದ್ದದ್ದು ಫೋಟೋದಲ್ಲಿ ಬೀಳದ ಸಂಗತಿಗಳನ್ನ. ಅಲ್ಲಿನ ಸಂಚಾರ ನಿಯಮದ ಪ್ರಕಾರ ಊರೊಳಗೆ ಸೈಕಲ್ಲನ್ನು ಓವರ್‌ಟೇಕ್ ಮಾಡುವಾಗ 1 ಮೀಟರ್, ಊರಾಚೆ ಒಂದೂವರೆ ಮೀಟರ್ ಜಾಗ ಬಿಡಬೇಕು. 1985ರಲ್ಲಿ ಬಾದಂತೇರ್ ಕಾನೂನು ಅಂತ ಒಂದು ಬಂತು. ಮೋಟಾರು ವಾಹನ ಡಿಕ್ಕಿಯಾಗಿ ಸೈಕಲ್ ಸವಾರನಿಗೋ ಪಾದಚಾರಿಗೋ ಗಾಯವಾದ್ರೆ, ಅವರದೇ ಕ್ಷಮಿಸಲಾಗದ ತಪ್ಪು ಅಂತ ಸಾಬೀತಾಗದ ಹೊರತು, ವಾಹನದ ಇನ್ಶೂರೆನ್ಸೇ ಪರಿಹಾರ ಕೊಡಬೇಕು. ಹಾಗಂತ ಅದೇನು ಸ್ವರ್ಗ ಅಲ್ಲ, ಅಲ್ಲೂ ವರ್ಷಕ್ಕೆ 200ಕ್ಕಿಂತ ಹೆಚ್ಚು ಸೈಕಲ್ ಸವಾರರು ಸಾಯ್ತಾರೆ. ಆದ್ರೆ ರಸ್ತೆ ಮೇಲೆ ಸೈಕಲ್ಲಿನವನಿಗೆ ಇಷ್ಟು ಜಾಗ ಅಂತ ಮೀಟರ್ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ನಾನು ಡ್ರೈವಿಂಗ್ ಲೈಸೆನ್ಸ್ ಮಾಡಿಸಿದ ದಿನ ಎಂಟು ಬರೆಸಿದ್ರು, ಬೋರ್ಡು ತೋರಿಸಿ ಇದೇನು ಅಂದ್ರು. ಮುಂದೆ ಸೈಕಲ್ ಇದ್ರೆ ಎಷ್ಟು ಜಾಗ ಬಿಡ್ತೀಯ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಗುದ್ದಿದವನು ಸಿಗದೆ ಓಡಿಹೋದ್ರೆ, ಸತ್ತವನ ಮನೆಗೆ 2022ರಿಂದ 2 ಲಕ್ಷ ರೂಪಾಯಿ. ಪ್ಯಾಂಟ್ರಿಯಲ್ಲಿ ಫೋಟೋ ತೋರಿಸೋರ ಸೈಕಲ್ಲುಗಳಲ್ಲಿ ಕೆಲವದರ ಬೆಲೆ ಇದಕ್ಕಿಂತ ಜಾಸ್ತಿ.

ಇದರಲ್ಲಿ ನನಗೆ ಹೊಟ್ಟೆ ಉರಿಸೋ ಸಂಗತಿ ಅಂದ್ರೆ ಆ ಸೈಕಲ್ ಯೋಜನೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಆಗ ಹಣಕಾಸು ನೋಡ್ಕೋತಿದ್ದವರು ಯಡಿಯೂರಪ್ಪ, ಅವರ ಶಿಕಾರಿಪುರ ಇರೋದು ಇದೇ ಸವಳಂಗದ ರಸ್ತೆಯ ಮುಂದಕ್ಕೆ. ಒಳ್ಳೇ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಬಸ್ಸಿಲ್ಲದ ಊರಿನ ಎಷ್ಟೋ ಹುಡುಗಿಯರು ಹೈಸ್ಕೂಲು ಮುಗಿಸಿದ್ದು ಅದರಿಂದ. ಮುಂದೆ ಸೈಕಲ್ಲಿನ ಗುಣಮಟ್ಟ ಸರಿಯಿಲ್ಲ ಅಂತ ಗಲಾಟೆ ಆಯ್ತು, ಟೆಂಡರ್ ಬಗ್ಗೆ ಗಲಾಟೆ ಆಯ್ತು, ಕೊನೆಗೆ ಕೋವಿಡ್ ಹೊತ್ತಲ್ಲಿ ಯೋಜನೆ ನಿಂತೇ ಹೋಯ್ತು. ಈ ಗಲಾಟೆಗಳ ಮಧ್ಯೆ, ಅಷ್ಟೊಂದು ಮಕ್ಕಳ ಕೈಗೆ ಸೈಕಲ್ ಕೊಟ್ಟವರು ಅವರು ಅದನ್ನ ಎಲ್ಲಿ ತುಳೀಬೇಕು ಅಂತ ಯೋಚನೆ ಮಾಡಿದ್ದು ನನ್ನ ಕಣ್ಣಿಗಂತೂ ಬಿದ್ದಿಲ್ಲ. ರಸ್ತೆ ಅಗಲ ಆಯ್ತು, ಸ್ಪೀಡ್ ಹೆಚ್ಚಾಯ್ತು, ಅಂಚು ಅಲ್ಲೇ ಉಳೀತು.

ನಮ್ಮ ನಗರದ ಸೈಕಲ್ ಗ್ರೂಪುಗಳ ಮೇಲೂ ನನ್ನ ಸಿಟ್ಟಿದೆ, ಯಾಕಂದ್ರೆ ದನಿ ಇರೋದು ಅವರಿಗೆ. 2020ರಲ್ಲಿ ಔಟರ್ ರಿಂಗ್ ರೋಡಿಗೆ ಸೈಕಲ್ ಲೇನ್ ಬಂದಿದ್ದು ಅಂಥ ದನಿಯಿಂದಲೇ, ಆಮೇಲೆ ಅದು ಏನಾಯ್ತು ಅನ್ನೋದು ಬೇರೆ ಕಥೆ. ಆದ್ರೆ ಊರಾಚೆ ಹೋದ ತಕ್ಷಣ ಇವರ ಪರಿಹಾರ ಒಂದೇ: "ಬೆಳಗಿನ ಜಾವ ನಾಲ್ಕಕ್ಕೆ ಹೊರಡೋಣ, ಟ್ರಾಫಿಕ್ ಇರಲ್ಲ." ಹೊರಡಿ. ಹೈಸ್ಕೂಲಿನ ಹುಡುಗಿಗೆ ಆ ಅನುಕೂಲ ಇಲ್ಲ, ಅವಳ ಬೆಲ್ ಹೊಡೆಯೋದು ಒಂಬತ್ತೂವರೆಗೆ, ಅಡಿಕೆ ಲಾರಿ, ಜೋಳದ ಟ್ರ್ಯಾಕ್ಟರು, ಬಸ್ಸು ಎಲ್ಲ ಒಟ್ಟಿಗೆ ಓಡೋ ಹೊತ್ತಿಗೆ.

ಮುಂದಿನ ಸಲ 200 ಕಿ.ಮೀ. ಬ್ರೆವೆಗೆ ಹೋಗುವಾಗ ಎನರ್ಜಿ ಜೆಲ್ ಪಕ್ಕದಲ್ಲಿ ಒಂದು ಅಳತೆ ಟೇಪು ಇಟ್ಕೊಳ್ಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಸಣ್ಣದು. ಡಾಂಬರಿನ ಅಂಚು ಎಲ್ಲಿ ಎಷ್ಟು ಇಂಚು ಕುಸಿದಿದೆ ಅಂತ ಅಳೆದು, ಫೋಟೋ ತೆಗೆದು, ಜಿಪಿಎಸ್ ಲೊಕೇಶನ್ ಸಮೇತ ಆ ತಾಲ್ಲೂಕಿನ ಲೋಕೋಪಯೋಗಿ ಇಲಾಖೆಗೆ ಅರ್ಜಿ ಕೊಡಿ. ಸ್ಟ್ರಾವಾದಲ್ಲಿ ಹಾಕೋಕೆ ಹೇಗೂ ನಿಲ್ತೀರಲ್ಲ, ಅದೇ ಹೊತ್ತಲ್ಲಿ ಮುಗಿಯುತ್ತೆ. ಅಂಚಿಗೆ ಗ್ರಾವೆಲ್ ತುಂಬಿಸಿ ರೋಲರ್ ಓಡಿಸೋಕೆ ಇಲಾಖೆಗೆ ಫ್ರಾನ್ಸಿನಿಂದ ತಜ್ಞರು ಬರಬೇಕಾಗಿಲ್ಲ. ನಾನು ಸವಳಂಗದಿಂದ ನ್ಯಾಮತಿವರೆಗಿನ ತುಂಡು ಮುಗಿಸಿದೀನಿ. ಶಿಕಾರಿಪುರದ ಕಡೆಯದು ಬಾಕಿ ಇದೆ, ಬರೋರು ಬನ್ನಿ. ಹೊರಡೋದು ಬೆಳಿಗ್ಗೆ ಒಂಬತ್ತಕ್ಕೆ.