ಬಂಡೆಯ ಮೇಲಿನ ಮಣ್ಣು

ಶಿರ್ಕ್ ಎಂದೊಡನೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಚರ್ಚೆ ನೇರ ದರ್ಗಾದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಉರೂಸ್ ಸರಿಯೋ ತಪ್ಪೋ ಎಂದು ಬಣಗಳು ಜಗಳವಾಡುತ್ತಲೇ ಇವೆ. ಆದರೆ ಪ್ರವಾದಿವರ್ಯರು(ಸ) ತಮ್ಮ ಅನುಯಾಯಿಗಳ ವಿಷಯದಲ್ಲಿ ಅತಿ ಹೆಚ್ಚು ಭಯಪಟ್ಟ ಸಣ್ಣ ಶಿರ್ಕ್‌ಗೆ ದರ್ಗಾವೇ ಬೇಕಿಲ್ಲ. ಅದರ ಹೆಸರು ರಿಯಾ, ಅಂದರೆ ತೋರಿಕೆಯ ಆರಾಧನೆ. ದರ್ಗಾ ವಿರೋಧಿಯ ಮುಸಲ್ಲಾದ ಮೇಲೂ ಅದು ಆರಾಮವಾಗಿ ಕೂರುತ್ತದೆ.

ರಮಝಾನ್ ಬಂದಾಗ ನೋಡಿ. ಅಕ್ಕಿಯ ಕಿಟ್ ಕೊಡುವ ಕೈಗಳು ನಾಲ್ಕಾರು, ಪಡೆಯುವ ಕೈ ಒಂದು. ವಿಧವೆ ತಲೆ ತಗ್ಗಿಸಿದರೆ, 'ಸ್ವಲ್ಪ ಈ ಕಡೆ ನೋಡಿ' ಎನ್ನುತ್ತಾನೆ ಮೊಬೈಲ್ ಹಿಡಿದವ. ಸಂಜೆಯೊಳಗೆ ಆಕೆಯ ಬಡತನ ಊರಿನ ವಾಟ್ಸ್ಯಾಪ್ ಗ್ರೂಪುಗಳಲ್ಲೆಲ್ಲ ಹಂಚಿಹೋಗಿರುತ್ತದೆ. ಕಾಲೇಜಿಗೆ ಹೋಗುವ ಆಕೆಯ ಮಗಳೂ ಅದನ್ನು ನೋಡಿಯಾಳು ಎಂದು ಯಾರಿಗೂ ಹೊಳೆಯುವುದಿಲ್ಲ.

'ಇತರರಿಗೆ ಪ್ರೇರಣೆಯಾಗಲಿ ಎಂದು' ಎಂಬ ಉತ್ತರ ಸಿದ್ಧವಿದೆ. ಬಹಿರಂಗ ದಾನವನ್ನು ಕುರ್‌ಆನ್ ತಳ್ಳಿಹಾಕಿಲ್ಲ, ನಿಜ. ಬಡವರಿಗೆ ಗುಟ್ಟಾಗಿ ಕೊಡುವುದೇ ಹೆಚ್ಚು ಉತ್ತಮವೆಂದೂ ಅಲ್‌ಬಕರ ಅಧ್ಯಾಯದ ಅದೇ 271ನೇ ವಚನ ಹೇಳುತ್ತದೆ. ಪ್ರೇರಣೆಗೆ ಪಡೆಯುವವಳ ಮುಖ ಯಾಕೆ ಬೇಕು? 264ನೇ ವಚನವಂತೂ ತೋರಿಕೆಯ ದಾನವನ್ನು ತೆಳು ಮಣ್ಣು ಕುಳಿತ ಬಂಡೆಗೆ ಹೋಲಿಸುತ್ತದೆ. ಜಡಿಮಳೆ ಸುರಿದರೆ ಬೋಳು ಬಂಡೆಯಷ್ಟೇ ಉಳಿಯುತ್ತದೆ. ಆಟಿಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ನಾವು ಜಮಾಅತ್‌ಗಳನ್ನು ಕೇಳುವುದಿಷ್ಟೆ: ಕಿಟ್ ರಾತ್ರಿ ಮನೆಬಾಗಿಲಿಗೆ ತಲುಪಲಿ, ಲೆಕ್ಕ ಮಸೀದಿಯ ನೋಟಿಸ್ ಬೋರ್ಡಿಗೆ ಬರಲಿ, ಫೋಟೋ ಬೇಡ. ಗಲ್ಫ್‌ನಿಂದ ಹಣ ಕಳಿಸುವವರೂ ಲೆಕ್ಕ ಕೇಳಲಿ, ಚಿತ್ರ ಕೇಳದಿರಲಿ.