ಕಮಿಷನ್ ಹೋಯಿತು, ಗಡಿ ಉಳಿಯಿತು

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಊರಿನ ವ್ಯಾಪಾರ ಯಾವ ಕಡೆ ಹರಿಯುತ್ತದೆ ಎಂಬುದು ಗೊತ್ತಾಗುತ್ತದೆ. ಒಂದು ಬಸ್ಸು ಮೈಸೂರಿಗೆ, ಒಂದು ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ, ಒಂದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಇಲ್ಲಿನ ತರಕಾರಿ, ಚೆಂಡು ಹೂವು ಗಡಿ ದಾಟಿ ಕೇರಳಕ್ಕೆ ಹೋಗುವುದು, ಅಲ್ಲಿನವರು ಇಲ್ಲಿ ಇಳಿದು ಸಾಮಾನು ಕೊಳ್ಳುವುದು ಇಂದು ನಿನ್ನೆಯ ಮಾತಲ್ಲ. ಆದರೆ ಮೊಬೈಲಿನೊಳಗೆ ಈಗ ನಡೆಯುತ್ತಿರುವ ಸಂತೆಯಲ್ಲಿ ಮಾತ್ರ ಗುಂಡ್ಲುಪೇಟೆಯ ಸಣ್ಣ ವ್ಯಾಪಾರಿಗೆ ರಾಜ್ಯದ ಆ ತುದಿಯ ಬೀದರ್ ಹತ್ತಿರ, ಎರಡು ಗಂಟೆಯೊಳಗಿನ ಬತ್ತೇರಿ ದೂರ!

ಇದು ಒಗಟಲ್ಲ, ಸರ್ಕಾರದ ನಿಯಮ. ಆನ್‌ಲೈನ್ ಕಂಪನಿಗಳು ಒಂದರ ಹಿಂದೆ ಒಂದು ‘ಕಮಿಷನ್ ಬಿಟ್ಟೆವು’ ಎಂದು ಡಂಗೂರ ಹೊಡೆಯುತ್ತಿರುವಾಗ ಈ ನಿಯಮದ ಕಡೆ ಯಾರ ಗಮನವೂ ಹೋಗಿಲ್ಲ.

ಯಾರು ಏನು ಬಿಟ್ಟರು?

ಮೊದಲು ಬಿಟ್ಟದ್ದು ಬೆಂಗಳೂರಿನ ಮೀಶೋ. 2021ರಲ್ಲೇ ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ ಎಂದು ಸಾರಿತು. 2025ರ ಏಪ್ರಿಲ್ 7ರಿಂದ ಅಮೆಜಾನ್ 300 ರೂ. ಒಳಗಿನ ಮಾಲಿಗೆ ಕಮಿಷನ್ ಕೈಬಿಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಇನ್ನೂ ಮುಂದೆ ಹೋಗಿ ಸಾವಿರ ರೂ. ಒಳಗಿನ ಮಾಲಿಗೆ ಕಮಿಷನ್ ಇಲ್ಲ ಎಂದಿತು. ಸಣ್ಣ ಊರಿನ ವ್ಯಾಪಾರಿಯನ್ನು ತಮ್ಮ ಕಡೆ ಎಳೆದುಕೊಳ್ಳುವ ಪೈಪೋಟಿ ಇದು ಎಂಬುದರಲ್ಲಿ ಸಂಶಯವಿಲ್ಲ.

ಪರದೇಶದಲ್ಲೂ ಇಂಥದೇ ಗಾಳಿ ಬೀಸಿದೆ. ಈಬೇ ಕಂಪನಿ ಜರ್ಮನಿಯಲ್ಲಿ 2023ರ ಮಾರ್ಚಿನಿಂದ, ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರಿನಿಂದ ಮನೆಯ ಸಾಮಾನು ಮಾರುವ ಖಾಸಗಿಯವರಿಗೆ ಫೀ ತೆಗೆದುಹಾಕಿತು. ವ್ಯಾಪಾರಕ್ಕೇ ಕುಳಿತವರಿಗೆ ಮಾತ್ರ ಫೀ ಉಳಿಸಿತು. ಇಂಗ್ಲೆಂಡಿನಲ್ಲಿ ನಾಲ್ಕೇ ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಖಾಸಗಿಯವರಿಂದ ಕೊಳ್ಳುವ ಗಿರಾಕಿಯ ಮೇಲೆ ‘ರಕ್ಷಣಾ ಫೀ’ ಎಂದು ಹೊಸದೊಂದು ಹೊರೆ ಬಿತ್ತು. ಎಡಗೈಲಿ ಕೊಟ್ಟು ಬಲಗೈಲಿ ಕಿತ್ತುಕೊಂಡ ಹಾಗೆ. ಅದೇ ಈಬೇ ಭಾರತದಲ್ಲಿ 2018ರ ಆಗಸ್ಟಿನಲ್ಲೇ ಅಂಗಡಿ ಮುಚ್ಚಿದ್ದರಿಂದ ಇಲ್ಲಿನವರಿಗೆ ಅದರ ಬಿಸಿ ತಟ್ಟಲಿಲ್ಲ.

ಅರಿಸಿನದ ಪೊಟ್ಟಣದ ಲೆಕ್ಕ

‘ಕಮಿಷನ್ನೇ ಇಲ್ಲ ಅಂದ ಮೇಲೆ ಇನ್ನೇನ್ ಕನಣ್ಣ ಅಡ್ಡಿ?’ ಎಂದು ಯಾರಾದರೂ ಕೇಳಬಹುದು. ಅಡ್ಡಿ ಎಲ್ಲಿದೆ ಎಂಬುದು ಕಾಗದ ಪೆನ್ಸಿಲ್ ಹಿಡಿದರೆ ತಿಳಿಯುತ್ತದೆ.

ಚಾಮರಾಜನಗರ ಜಿಲ್ಲೆ ಅರಿಸಿನಕ್ಕೆ ಹೆಸರಾದದ್ದು. ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲೂ ಈ ಜಿಲ್ಲೆಗೆ ಬಿದ್ದಿರುವುದು ಅರಿಸಿನವೇ. ಮನೆಯಲ್ಲೇ ಪುಡಿ ಮಾಡಿ ಅರ್ಧ ಕೆ.ಜಿ. ಪೊಟ್ಟಣ ಕಟ್ಟಿ 200 ರೂ.ಗೆ ಮಾರುವ ಒಬ್ಬ ಹೆಣ್ಣುಮಗಳಿದ್ದಾಳೆ ಎಂದು ಇಟ್ಟುಕೊಳ್ಳಿ. ಕಮಿಷನ್ ನೂರಕ್ಕೆ 8 ಎಂದು ಲೆಕ್ಕಕ್ಕೆ ಹಿಡಿದರೆ 16 ರೂ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 2 ರೂ. 88 ಪೈಸೆ. ಒಟ್ಟು 18 ರೂ. 88 ಪೈಸೆ ಈಗ ಉಳಿಯಿತು. ಸಂತೋಷ.

ಇನ್ನು ಸಾಗಣೆ ಬಾಬ್ತು. ಅಮೆಜಾನ್ 2025ರಲ್ಲಿ ದೇಶಕ್ಕೆಲ್ಲ ಒಂದೇ ಎಂದು ಪ್ರಕಟಿಸಿದ ದರವೇ 65 ರೂ.ಯಿಂದ ಶುರು, ಅದಕ್ಕೆ ಮುಂಚೆ 77 ಇತ್ತು. 65ರ ಮೇಲೆ ಜಿಎಸ್‌ಟಿ ಸೇರಿದರೆ 76 ರೂ. 70 ಪೈಸೆ. 200 ರೂ. ಪೊಟ್ಟಣದಲ್ಲಿ ಕೈಗೆ ಬರುವುದು 123 ರೂ. 30 ಪೈಸೆ. ಅದರಲ್ಲೇ ಅರಿಸಿನ, ಗಿರಣಿ, ಕವರು, ಲೇಬಲ್, ಕೂಲಿ ಎಲ್ಲ ಆಗಬೇಕು.

ಗುಟ್ಟು ಇಷ್ಟೇ: ಕಮಿಷನ್ ಬೆಲೆಯ ಲೆಕ್ಕ, ಸಾಗಣೆ ತೂಕದ ಲೆಕ್ಕ. ಬೆಲೆ ಹೆಚ್ಚು, ತೂಕ ಕಮ್ಮಿ ಇರುವ ಮಾಲಿಗೆ ಕಮಿಷನ್ ಹೋದದ್ದು ಹಬ್ಬ. 950 ರೂ. ಸೀರೆಗೆ ಅದೇ 8ರ ಲೆಕ್ಕದಲ್ಲಿ 89 ರೂ. 68 ಪೈಸೆ ಉಳಿಯುತ್ತದೆ. ಬೆಲೆ ಕಮ್ಮಿ, ತೂಕ ಹೆಚ್ಚು ಇರುವ ಅರಿಸಿನ, ಸೋಪು, ಹಪ್ಪಳ ಸಂಡಿಗೆಗೆ ಉಳಿಯುವುದು ಕಾಫಿ ಕಾಸು.

ಬಟ್ಟೆಯವರ ಪಾಡೇ ಬೇರೆ. ಗಿರಾಕಿ ‘ಬಣ್ಣ ಸರಿಯಿಲ್ಲ, ಅಳತೆ ಸರಿಯಿಲ್ಲ’ ಎಂದು ವಾಪಸು ಕಳಿಸಿದರೆ ಹೋಗುವ ಬಾಡಿಗೆಯ ಜೊತೆಗೆ ಬರುವ ಬಾಡಿಗೆಯೂ ಬಹಳ ಸಲ ಮಾರಿದವನ ತಲೆಗೇ. ಅಂಗಡಿಯಲ್ಲಾದರೆ ಹತ್ತು ಸೀರೆ ಬಿಚ್ಚಿ ತೋರಿಸಿದರೂ ಮಡಿಸಿಡುವ ಶ್ರಮ ಬಿಟ್ಟು ಬೇರೆ ಖರ್ಚಿಲ್ಲ. ಆನ್‌ಲೈನಿನಲ್ಲಿ ಬಿಚ್ಚಿದ್ದಕ್ಕೆಲ್ಲ ದುಡ್ಡು.

999ರ ಮಹಿಮೆ

ಸಾವಿರದ ಗೆರೆ ಎಳೆದದ್ದರಿಂದ ಇನ್ನೊಂದು ತಮಾಷೆಯೂ ಆಗಿದೆ. 1,050 ರೂ. ಮಾಲಿಗೆ 8ರ ಕಮಿಷನ್, ಅದರ ತೆರಿಗೆ ಕಳೆದರೆ ಮಾರುವವನಿಗೆ ಸಿಗುವುದು 950 ರೂ. 88 ಪೈಸೆ. ಅದನ್ನೇ 999 ರೂ.ಗೆ ಇಳಿಸಿದರೆ ಕಮಿಷನ್ ಇಲ್ಲ, 999 ಪೂರ್ತಿ. ಅಂದರೆ 51 ರೂ. ಕಮ್ಮಿಗೆ ಮಾರಿದವನಿಗೆ 48 ರೂ. ಹೆಚ್ಚು! ಹೀಗಿರುವಾಗ ಸಾವಿರದ ಆಚೆಗೆ ಸ್ವಲ್ಪವೇ ಇರುವ ಮಾಲೆಲ್ಲ 999ಕ್ಕೆ ಇಳಿಯುವುದು ಸಹಜ.

ಇದರ ಪೆಟ್ಟು ಬೀಳುವುದು ಆನ್‌ಲೈನ್ ಕಡೆ ತಲೆ ಹಾಕದವನ ಮೇಲೂ. ಚಾಮರಾಜನಗರದ ದೊಡ್ಡಂಗಡಿ ಬೀದಿಯಲ್ಲಿ ಬಾಡಿಗೆ, ಕರೆಂಟು, ಆಳಿನ ಸಂಬಳ ಕೊಟ್ಟುಕೊಂಡು ಅದೇ ಮಾಲನ್ನು 1,050ಕ್ಕೆ ಇಟ್ಟಿರುವವನ ಮುಂದೆ ಗಿರಾಕಿ ಮೊಬೈಲ್ ಹಿಡಿದು ‘ಇಲ್ಲಿ ನೋಡಿ’ ಎನ್ನುತ್ತಾನೆ. ಕಮಿಷನ್ ಬಿಟ್ಟವರು ಬೆಂಗಳೂರಿನಲ್ಲಿ, ಬೆಲೆ ಇಳಿಸಬೇಕಾದವರು ಇಲ್ಲಿ.

ಮೂರು ತರಹದ ವ್ಯಾಪಾರಿ

ಮೂಲ ಮಾತಿಗೆ ಬರೋಣ. ಕಂಪನಿಗಳ ಕಣ್ಣಿಗೆ ಮಾರುವವರೆಲ್ಲ ಒಂದೇ ಇರಬಹುದು, ತೆರಿಗೆ ಕಾನೂನಿನ ಕಣ್ಣಿಗೆ ಮೂರು ತರಹ.

ಒಂದನೆಯವರು ಜಿಎಸ್‌ಟಿ ನೋಂದಣಿಯೇ ಇಲ್ಲದವರು. ಮನೆಯಲ್ಲಿ ಪುಡಿ ಮಾಡುವವರು, ಕುಚ್ಚು ಹಾಕುವವರು, ಚಿಕ್ಕ ಅಂಗಡಿಯವರು. ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂ. ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಮೊದಲು ಆನ್‌ಲೈನಿಗೆ ಈ ರಿಯಾಯಿತಿ ಇರಲಿಲ್ಲ. ಒಂದು ಪೊಟ್ಟಣ ಮಾರಿದರೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಯಿತು. ಪ್ಯಾನ್ ಕೊಟ್ಟು, ಜಿಎಸ್‌ಟಿ ಜಾಲತಾಣದಲ್ಲಿ ಒಂದು ಗುರುತಿನ ನಂಬರು ಪಡೆದರೆ ಸಾಕು. ಆದರೆ ಷರತ್ತು ಒಂದಿದೆ: ಮಾಲು ರಾಜ್ಯದ ಗಡಿ ದಾಟಕೂಡದು.

ಎರಡನೆಯವರು ‘ಕಾಂಪೊಸಿಷನ್’ ವರ್ತಕರು. ಒಂದೂವರೆ ಕೋಟಿ ರೂ. ವಹಿವಾಟಿನವರೆಗೆ ನೂರಕ್ಕೆ ಒಂದು ರೂಪಾಯಿ ತೆರಿಗೆ ಕಟ್ಟಿ ನೆಮ್ಮದಿಯಾಗಿರುವ ಅಂಗಡಿಯವರು. ಇವರಿಗೂ 2023ರ ಅದೇ ದಿನದಿಂದ ಆನ್‌ಲೈನ್ ಬಾಗಿಲು ತೆರೆಯಿತು. ಷರತ್ತು ಅದೇ: ಹೊರ ರಾಜ್ಯಕ್ಕೆ ಕಳಿಸುವಂತಿಲ್ಲ. ಕಳಿಸಬೇಕೆಂದರೆ ಕಾಂಪೊಸಿಷನ್ ಬಿಟ್ಟು ಹೊರಬರಬೇಕು.

ಮೂರನೆಯವರು ಪೂರ್ತಿ ನೋಂದಣಿಯ ವರ್ತಕರು. ಇವರಿಗೆ ದೇಶವೆಲ್ಲ ಬಯಲು. ಕಂಪನಿ ಹಿಡಿದುಕೊಳ್ಳುವ ಜಿಎಸ್‌ಟಿ 2024ರ ಜುಲೈ 10ರಿಂದ ನೂರಕ್ಕೆ ಒಂದರಿಂದ ಅರ್ಧಕ್ಕೆ ಇಳಿದಿದೆ. ಆದಾಯ ತೆರಿಗೆ ಬಾಬ್ತು ಹಿಡಿಯುವುದು 2024ರ ಅಕ್ಟೋಬರಿನಿಂದ ನೂರು ರೂಪಾಯಿಗೆ ಬರೀ ಹತ್ತು ಪೈಸೆ. ಎಲ್ಲಕ್ಕಿಂತ ದೊಡ್ಡದು, ಸಾಗಣೆ ಫೀ ಮೇಲೆ ಕೊಟ್ಟ 11 ರೂ. 70 ಪೈಸೆ ಜಿಎಸ್‌ಟಿಯನ್ನು ಇವರು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಅರಿಸಿನದ ಪುಡಿ ಮಾಡುವ ಹೆಣ್ಣುಮಗಳಿಗೆ ಆ 11 ರೂ. 70 ಪೈಸೆ ಹೋದದ್ದು ಹೋದದ್ದೇ.

ಹೀಗಾಗಿ ಅದೇ ಪೊಟ್ಟಣ, ಅದೇ ಬೆಲೆ, ಅದೇ ‘ಸೊನ್ನೆ ಕಮಿಷನ್’. ದೊಡ್ಡವನಿಗೆ ಬಾಡಿಗೆಯೂ ಅಗ್ಗ, ಗಿರಾಕಿಯೂ ಹೆಚ್ಚು. ಸಣ್ಣವನಿಗೆ ಬಾಡಿಗೆಯೂ ದುಬಾರಿ, ಗಿರಾಕಿಯೂ ಕಮ್ಮಿ.

ಗಡಿಯ ಊರಿಗೇ ಏಕೆ ನಷ್ಟ?

ಈ ಷರತ್ತು ಹಾಸನದವನಿಗೋ ತುಮಕೂರಿನವನಿಗೋ ಅಷ್ಟಾಗಿ ಚುಚ್ಚುವುದಿಲ್ಲ. ಸುತ್ತಲೂ ಕನ್ನಡ ನಾಡೇ ಇದೆ. ಗುಂಡ್ಲುಪೇಟೆಗೆ ಒಂದು ಕಡೆ ವಯನಾಡು, ಒಂದು ಕಡೆ ನೀಲಗಿರಿ. ಚಾಮರಾಜನಗರಕ್ಕೆ ಹಾಸನೂರು ಘಾಟಿ ಇಳಿದರೆ ಸತ್ಯಮಂಗಲ, ಅಲ್ಲಿಂದ ಮುಂದೆ ಈ ಜಿಲ್ಲೆಯ ಅರಿಸಿನ ಲಾಗಾಯ್ತಿನಿಂದ ಮಾರಾಟಕ್ಕೆ ಹೋಗುವ ಈರೋಡು. ಇಲ್ಲಿನ ಮಾಲಿನ ಗುಣ ಬಲ್ಲ, ಇಲ್ಲಿನ ಹೆಸರು ಕೇಳಿರುವ ಗಿರಾಕಿ ಇರುವುದೇ ಗಡಿಯಾಚೆ.

ಬತ್ತೇರಿಯ ಗಿರಾಕಿ ಬಸ್ಸಿಳಿದು ಗುಂಡ್ಲುಪೇಟೆಯ ಅಂಗಡಿಯಲ್ಲಿ ನಿಂತು, ದುಡ್ಡು ಕೊಟ್ಟು, ಪೊಟ್ಟಣವನ್ನು ಕೈಚೀಲಕ್ಕೆ ಹಾಕಿಕೊಂಡರೆ ಅದು ಊರೊಳಗಿನ ವ್ಯಾಪಾರ. ಯಾವ ತಕರಾರೂ ಇಲ್ಲ. ಅದೇ ಗಿರಾಕಿ ಊರಿಗೆ ಹೋಗಿ ‘ಚೆನ್ನಾಗಿತ್ತು, ಇನ್ನೆರಡು ಕಳಿಸಿ’ ಎಂದು ಮೊಬೈಲಿನಲ್ಲಿ ಆರ್ಡರ್ ಹಾಕಿದರೆ ಅದು ಅಂತರರಾಜ್ಯ ವ್ಯಾಪಾರ. ನೋಂದಣಿ ಇಲ್ಲದವರು ಕಳಿಸುವಂತಿಲ್ಲ. ರೈತ ಹೊಲದ ಹಸಿ ಅರಿಸಿನ ಮಾರಿದರೆ ಜಿಎಸ್‌ಟಿ ನೋಂದಣಿಯ ಗೊಡವೆಯಿಲ್ಲ. ಅದನ್ನೇ ಅವನ ಮನೆಯಾಕೆ ಪುಡಿ ಮಾಡಿ ಲೇಬಲ್ ಅಂಟಿಸಿ ನಾಲ್ಕು ಕಾಸು ಹೆಚ್ಚು ಕಾಣೋಣ ಎಂದು ಹೊರಟರೆ ಗಡಿಯಲ್ಲಿ ತಡೆ.

‘ನೋಂದಣಿ ಮಾಡಿಸಿದರಾಯಿತು’

ಹೀಗೆನ್ನುವವರೂ ಇದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ನೋಂದಣಿಗೆ ಸರ್ಕಾರಿ ಫೀ ಇಲ್ಲ. 2025ರ ನವೆಂಬರ್ 1ರಿಂದ ಸಣ್ಣ ವರ್ತಕರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಏರ್ಪಾಡೂ ಬಂದಿದೆ.

ಆದರೆ ಒಳಗೆ ಹೋಗುವುದು ಸುಲಭ, ಒಳಗಿರುವುದು ಕಷ್ಟ. ಆಮೇಲೆ ಲೆಕ್ಕ ಒಪ್ಪಿಸುತ್ತಲೇ ಇರಬೇಕು. ಏನೂ ಮಾರದಿದ್ದರೂ ‘ಏನೂ ಮಾರಿಲ್ಲ’ ಎಂದು ಬರೆದುಕೊಡಬೇಕು. ತಡವಾದರೆ ದಿನಕ್ಕೆ 20 ರೂ., ವಹಿವಾಟು ಇದ್ದು ತಡವಾದರೆ ದಿನಕ್ಕೆ 50 ರೂ. ದಂಡ. ಜೊತೆಗೆ ಲೆಕ್ಕ ಬರೆಯುವವರ ಸಂಬಳ. ತಿಂಗಳಿಗೆ ಇಪ್ಪತ್ತು ಪೊಟ್ಟಣ ಗಡಿ ದಾಟಿಸಿ ಬರುವ ಲಾಭ ಅಲ್ಲಿಗೇ ಸರಿಹೋಗುತ್ತದೆ.

ಹೆದರಿಕೆಗೆ ಇನ್ನೊಂದು ಕಾರಣವನ್ನು ಯಾವ ಅಂಗಡಿಯವರೂ ಮರೆತಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ‘ಕ್ಯಾಶ್ ಮಾತ್ರ’ ಎಂಬ ಬೋರ್ಡುಗಳು ಎದ್ದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಗಲಾಟೆ ತಣ್ಣಗಾಯಿತೇ ಹೊರತು ಭಯ ಹೋಗಲಿಲ್ಲ.

ಬಿಟ್ಟ ಕಾಸು ಬರುವುದೆಲ್ಲಿಂದ?

ಕಂಪನಿಗಳು ಧರ್ಮಕ್ಕೆ ಕೂತಿಲ್ಲ. ಕಮಿಷನ್ ಇಲ್ಲದ ಮೀಶೋಗೆ ವರಮಾನ ಬರುವುದು ಸಾಗಣೆಯಿಂದ ಮತ್ತು ಜಾಹೀರಾತಿನಿಂದ. ಸಾವಿರಾರು ಅರಿಸಿನದ ಪೊಟ್ಟಣಗಳ ನಡುವೆ ನಿಮ್ಮದು ಮೊದಲು ಕಾಣಬೇಕಾದರೆ ಜಾಹೀರಾತಿಗೆ ದುಡ್ಡು ಹಾಕಬೇಕು. ಸಂತೆಯಲ್ಲಿ ಸುಂಕ ಮಾಫಿ, ಮುಂದಿನ ಸಾಲಿನ ಜಾಗಕ್ಕೆ ಮಾತ್ರ ಹರಾಜು ಎಂದ ಹಾಗೆ.

ಆದ್ದರಿಂದ ಮಾರಲು ಹೊರಟವರು ‘ಸೊನ್ನೆ’ ಎಂಬ ಮಾತು ಕೇಳಿ ಹಾರಬಾರದು. ಸಾಗಣೆ ಎಷ್ಟು, ವಾಪಸು ಬಂದರೆ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು, ದುಡ್ಡು ಕೈಗೆ ಬರಲು ಎಷ್ಟು ದಿನ ಎಂಬ ನಾಲ್ಕು ಪ್ರಶ್ನೆ ಕೇಳಿಯೇ ಮುಂದುವರಿಯಬೇಕು. ಒಂದೊಂದೇ ಪೊಟ್ಟಣಕ್ಕಿಂತ ಎರಡು ಮೂರು ಸೇರಿಸಿ ಒಂದೇ ಪಾರ್ಸೆಲ್ ಮಾಡಿದರೆ ಬಾಡಿಗೆ ಹಂಚಿಹೋಗುತ್ತದೆ. ರಾಜ್ಯದೊಳಗಿನ ಖಾಯಂ ಗಿರಾಕಿಗಾದರೆ 2021ರಲ್ಲಿ ಕೆಎಸ್‌ಆರ್‌ಟಿಸಿ ಶುರು ಮಾಡಿದ ‘ನಮ್ಮ ಕಾರ್ಗೋ’ ಬಸ್ ಪಾರ್ಸೆಲ್ ದರವನ್ನೂ ಒಮ್ಮೆ ವಿಚಾರಿಸಿ ನೋಡಬಹುದು.

ಆಗಬೇಕಾದ್ದು

ಸರ್ಕಾರದ ವಾದವೂ ಇಲ್ಲದಿಲ್ಲ. ಜಿಎಸ್‌ಟಿಯಲ್ಲಿ ತೆರಿಗೆ ಸೇರುವುದು ಮಾಲು ಬಳಕೆಯಾಗುವ ರಾಜ್ಯಕ್ಕೆ. ನೋಂದಣಿ ಇಲ್ಲದವರು ಗಡಿಯಾಚೆ ಮಾರಿದರೆ ಕೇರಳದ ಪಾಲು ತಪ್ಪುತ್ತದೆ. ಸರಿ, 200 ರೂ. ಅರಿಸಿನದ ಪುಡಿಯಲ್ಲಿ ಆ ಪಾಲು ಎಷ್ಟು? ನೂರಕ್ಕೆ 5ರಂತೆ ಇಡೀ ತೆರಿಗೆಯೇ ಒಂಬತ್ತೂವರೆ ರೂಪಾಯಿ. ಮಾರುವವರ ಪ್ಯಾನ್, ವಿಳಾಸ, ಮಾರಿದ ಲೆಕ್ಕ ಎಲ್ಲವೂ ಕಂಪನಿಯ ಹತ್ತಿರ ಇದ್ದೇ ಇರುತ್ತದೆ. ಆ ಒಂಬತ್ತೂವರೆಯನ್ನು ಕಂಪನಿಯೇ ಹಿಡಿದು ಕೇರಳಕ್ಕೆ ಕಟ್ಟಲಿ, ಸಣ್ಣವರನ್ನು ಬಿಡಲಿ ಎಂದರೆ ಖಜಾನೆಗೂ ನಷ್ಟವಿಲ್ಲ.

ಇದನ್ನು ತೀರ್ಮಾನಿಸಬೇಕಾದ್ದು ಕೇಂದ್ರ ಹಣಕಾಸು ಸಚಿವರು ಅಧ್ಯಕ್ಷರಾಗಿರುವ, ರಾಜ್ಯಗಳ ಮಂತ್ರಿಗಳು ಕೂರುವ ಜಿಎಸ್‌ಟಿ ಮಂಡಳಿ. ಅಲ್ಲಿ ಕರ್ನಾಟಕಕ್ಕೂ ಓಟಿದೆ. ಆದರೆ ಬೆಂಗಳೂರಿನಲ್ಲಿ ಕೂತವರಿಗೆ ಬತ್ತೇರಿ ಬಸ್ಸಿನ ವಿಷಯ ಗೊತ್ತಾಗಬೇಕಾದರೆ ಇಲ್ಲಿಂದ ಯಾರಾದರೂ ಹೇಳಬೇಕು. ಜಿಲ್ಲೆಯ ವರ್ತಕರು, ಸ್ತ್ರೀಶಕ್ತಿ ಸಂಘದವರು, ಶಾಸಕರು ಕೂತು ಒಂದು ಮನವಿ ಬರೆಯಲು ಅರ್ಧ ದಿನ ಸಾಕು. ಅರಿಸಿನವನ್ನು ಜಿಲ್ಲೆಯ ಉತ್ಪನ್ನ ಎಂದು ಪಟ್ಟಿಗೆ ಸೇರಿಸಿದ ಸರ್ಕಾರಕ್ಕೆ ಅದನ್ನು ಜಿಲ್ಲೆಯ ಪಕ್ಕದ ಊರಿಗೆ ಕಳಿಸಲು ಬಿಡಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಅಲ್ಲಿಯವರೆಗೆ ಕಮಿಷನ್ ಸೊನ್ನೆಯಾದರೂ ಸಣ್ಣವರ ಪಾಲಿಗೆ ಸಂತೆ ಅರ್ಧವೇ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೂ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಈ ಗೇಟು ಹಗಲಲ್ಲೂ ಮುಚ್ಚಿದೆ.